ಠೇವಣಿ

ಚುನಾವಣೆ ಘೋಷಣೆಯಾದ ಮೂರನೇ ದಿನ
ಹೆಬ್ರಿ ಠಾಣೆಯ ಬಾದಾಮಿ ಮರದಡಿ ಕೋವಿಗಳ ಸಾಲು.
ಗೋಣಿಯಲ್ಲಿ ಸುತ್ತಿದ್ದು, ಹಳೆ ಲುಂಗಿಯಲ್ಲಿ ಸುತ್ತಿದ್ದು,
ಒಂದರ ನಳಿಗೆಗೆ ಧೂಳು ಹೋಗದ ಹಾಗೆ
ಯಾರೋ ಮಗುವಿನ ಟೋಪಿ ತೊಡಿಸಿದ್ದಾರೆ.
ನಾನು ರೈಟರ್. ಹೆಸರು, ನಂಬರು,
ಒಂಟಿ ನಳಿಗೆಯೋ ಜೋಡಿಯೋ, ತೋಟೆ ಎಷ್ಟು,
ಇಷ್ಟೇ ನನ್ನ ಕೆಲಸ.

ಮಾತು ಸಾಲಿನಲ್ಲಿ ನಿಲ್ಲುವುದಿಲ್ಲ.
"ಹಂದಿಗೆ ನೀತಿ ಸಂಹಿತೆ ಉಂಟಾ ಸಾರ್?" ಅಂದ ಐವನ್ ಮಿನೇಜಸ್.
ಪ್ರತಿ ಸಲವೂ ಇದೇ ಜೋಕು. ಈ ಸಲ ಯಾರೂ ನಗಲಿಲ್ಲ.
ವಾದಿರಾಜ ಮಾಸ್ಟ್ರು ಕೋವಿಯಿಲ್ಲದೆಯೂ ಬಂದಿದ್ದರು,
ಅರ್ಜಿ ಹಿಡಿದು:
ಇಟ್ಟದ್ದನ್ನು ವಾಪಸು ಕೊಡಬೇಡಿ, ಕುಲುಮೆಗೆ ಹಾಕಿ.
"ನಿಮಗೆಂಥ, ಮಾಸ್ಟ್ರೇ, ಪಿಂಚಣಿಯನ್ನು ಹಂದಿ ಅಗೆಯುವುದಿಲ್ಲ."
"ನಿನಗೆಂಥ, ಸತ್ತದ್ದು ನಿನ್ನ ಮಗನಲ್ಲ."
ಅಲ್ಲಿಗೆ ಮುಗಿಯಬೇಕಿತ್ತು. ಅಲ್ಲಿಂದ ಶುರುವಾಯಿತು.

ಮಧ್ಯಾಹ್ನದೊಳಗೆ ಬಸ್‌ಸ್ಟ್ಯಾಂಡಿನ ಎರಡು ಹೋಟೆಲೂ ಪಕ್ಷ ಹಿಡಿದವು.
ಒಂದರಲ್ಲಿ ಕೊಲೆಗಡುಕರು ಚಹಾ ಕುಡಿದರು,
ಇನ್ನೊಂದರಲ್ಲಿ ರೈತದ್ರೋಹಿಗಳು.
ಎರಡೂ ಕಡೆ ಅದೇ ಬನ್ಸು,
ಎರಡೂ ಕಡೆ ಅಕ್ಕು ಪೂಜಾರ್ತಿಯ ಹೆಸರು.

ಅವಳ ಮಗ ರಮಾನಾಥ.
ಎರಡು ವರ್ಷದ ಹಿಂದೆ, ಹಗ್ಗ ಹರಿದ ಗಬ್ಬದ ದನ ಹುಡುಕಿ
ಇರುಳು ಹೊರಟವ.
ಪೊದೆ ಅಲುಗಿತು. ಜಾರಪ್ಪ ಹೆಗ್ಡೆ ಹಂದಿಯೆಂದುಕೊಂಡ.
ಮಹಜರು ಬರೆದದ್ದು ಇದೇ ಕೈ:
ಇಪ್ಪತ್ತೆರಡು ಹೆಜ್ಜೆ. ಟಾರ್ಚಿನಲ್ಲಿ ಸೆಲ್ಲು ಇರಲಿಲ್ಲ.
ಕೇಸು ಬಿದ್ದುಹೋಯಿತು, ಕೋವಿ ಮನೆಗೆ ಹೋಯಿತು.

ಸಂಜೆ ಅವಳೇ ಬಂದಳು.
ಮಾಸ್ಟ್ರು ಎದ್ದು ಕುರ್ಚಿ ಕೊಟ್ಟರು, ಮಿನೇಜಸ್ ಬೀಡಿ ನಂದಿಸಿದ.
ಎಲ್ಲರೂ ಕಾದರು,
ತಮ್ಮ ತಮ್ಮ ಮಾತನ್ನು ಅವಳ ಬಾಯಲ್ಲಿ ಕೇಳಲಿಕ್ಕೆ.

ಅವಳು ಕೂರಲಿಲ್ಲ.
ಸೆರಗಿನಿಂದ ಹಂದಿ ಅರ್ಧ ತಿಂದ ಮರಗೆಣಸು ತೆಗೆದು
ನನ್ನ ರಿಜಿಸ್ಟರಿನ ಮೇಲಿಟ್ಟಳು. ಮಣ್ಣು ಉದುರಿತು.
"ಮೂರು ಸಾಲು ಪೂರಾ ಹೋಯ್ತು.
ಇದೆಲ್ಲ ವಾಪಸು ಕೊಡುವುದು ಯಾವಾಗ?"
ಸ್ವಲ್ಪ ಬಿಟ್ಟು,
"ಜಾರಪ್ಪನದ್ದು ಕೊಡಬೇಡಿ."
ಮತ್ತೂ ಸ್ವಲ್ಪ ಬಿಟ್ಟು, ಯಾರನ್ನೂ ನೋಡದೆ,
"ನಮ್ಮ ಬೈಲಿನಲ್ಲಿ ಗುರಿ ಇರುವುದು ಅವನೊಬ್ಬನಿಗೆ."

ಮಾಸ್ಟ್ರು ಅರ್ಜಿ ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.
ಮಿನೇಜಸ್ ಬಸ್ಸು ಬಂತೆಂದು ಓಡಿದ. ಬಸ್ಸು ಬಂದಿರಲಿಲ್ಲ.

ರಾತ್ರಿ ಬೀಗ ಹಾಕುವ ಮುಂಚೆ ಎಣಿಸಿದೆ: ನಲವತ್ತಮೂರು.
ಟೋಪಿ ತೊಟ್ಟದ್ದೇ ಜಾರಪ್ಪನದ್ದು.
ನೀಲಿ ಉಣ್ಣೆ, ಕಿವಿಯ ಬಳಿ ಹೊಲಿಗೆ ಬಿಟ್ಟಿದೆ.
ಗೆಣಸು ಎಸೆಯಲಾಗದೆ ಕಿಟಕಿಯಲ್ಲಿಟ್ಟೆ.
ಕಿತ್ತ ಮರಗೆಣಸು ಎರಡು ದಿನಕ್ಕೆ ಕಪ್ಪಾಗುತ್ತದೆ.
ಫಲಿತಾಂಶಕ್ಕೆ ಇನ್ನೂ ನಲವತ್ತು ದಿನ.