ಬೆಂಚಿನ ನೆರಳು

ಪೋರ್ಟೊ ನಗರಸಭೆಯಲ್ಲಿ ನನ್ನದು ಅಳಿಸುವ ಕೆಲಸ.
ಇಪ್ಪತ್ತೆರಡು ವರ್ಷ. ಒಂದು ಬಕೆಟ್ಟು, ಒಂದು ಬ್ರಷ್ಷು,
ಮೂಗಿಗೆ ಹತ್ತುವ ದ್ರಾವಣ.
ಗೋಡೆಗೆ ಬಾಯಿ ಬಂದಲ್ಲೆಲ್ಲ
ಅಬೀಲಿಯೊನನ್ನು ಕಳಿಸುತ್ತಾರೆ.

ಏರಿನ ಬಸ್ ನಿಲ್ದಾಣಕ್ಕೆ ಮೊದಲು ಬಂದದ್ದು ಹಾಸಿಗೆ ಕಂಪನಿ.
ಬೆಂಚು ಕಿತ್ತರು. ಮಂಚ ಹಾಕಿದರು, ನಿಜವಾದ ಮಂಚ,
ಬಿಳಿ ಹೊದಿಕೆ, ಎರಡು ದಿಂಬು,
ಮೇಲೆ ಬರಹ: “ಬಸ್ಸು ತಡವಾದರೆ ಆಗಲಿ, ಬಿಡಿ.”
ಜನ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ,
ಒಳ್ಳೆ ತಮಾಷೆ ಯಾರ ಮನೆಯದಾದರೇನು.

ಮೀನಂಗಡಿಯ ಜುಲ್ಮೀರಾ,
ಬೆಳಗಿನ ನಾಲ್ಕರಿಂದ ನಿಂತ ಮಂಡಿಗಳನ್ನು ಹೊತ್ತು ಬಂದವಳು,
ಕೂತಳು, ಒರಗಿದಳು, ಗೊರಕೆ ಹೊಡೆದಳು.
ಮೂರು ಬಸ್ಸು ಹೋದವು.
ಹೊದಿಕೆಗೆ ಮೀನಿನ ವಾಸನೆ ಹತ್ತಿತೆಂದು
ಕಂಪನಿಯ ಹುಡುಗ ಬಂದು ಮೆಲ್ಲಗೆ ಎಬ್ಬಿಸಿದ:
“ಅಜ್ಜೀ, ಇದು ಮಲಗೋಕಲ್ಲ, ಫೋಟೋಗೆ.”

ಮೂರು ವಾರಕ್ಕೆ ಮಂಚ ಹೋಯಿತು.
ಬೆಂಚು ಮರಳಲಿಲ್ಲ.
ಕಲ್ಲಿನಲ್ಲಿ ನಾಲ್ಕು ತೂತು ಉಳಿದವು
ಹಲ್ಲು ಕಿತ್ತ ಒಸಡಿನ ಹಾಗೆ.
ಅರ್ಜಿ ಹಾಕಿ ಎಂದರು. ಜುಲ್ಮೀರಾ ಹಾಕಿದಳು.
ಅರ್ಜಿಗೆ ಕೂರಲು ಮೇಜಾದರೂ ಸಿಕ್ಕಿತು.

ಒಂದು ಬೆಳಗ್ಗೆ ನೋಡಿದರೆ
ಇಲ್ಲದ ಬೆಂಚಿಗೆ ನೆರಳು ಬಂದಿದೆ!
ನೆಲದ ಮೇಲೆ ಕಪ್ಪು ಬಣ್ಣದಲ್ಲಿ, ಪಟ್ಟಿ ಪಟ್ಟಿ,
ಕಾಲು ನಾಲ್ಕೂ ಆ ತೂತುಗಳಿಂದಲೇ ಹೊರಟು,
ತುದಿಯಲ್ಲಿ ಕೂತ ಒಂದು ಬೆಕ್ಕಿನ ನೆರಳು,
ಬಾಲ ಚರಂಡಿಯವರೆಗೆ.
ಮೋಡದ ದಿನವೂ ಅದು ಬಿದ್ದೇ ಇತ್ತು.
ಯಾರು ಬರೆದರೋ. ಹೆಸರಿಲ್ಲ, ಮಾರುವುದಕ್ಕೆ ಏನೂ ಇಲ್ಲ.
ಪ್ರವಾಸಿಗರು ಕೂತಂತೆ ಮಂಡಿ ಬಗ್ಗಿಸಿ
ಹಲ್ಲು ಕಿರಿದು ಪಟ ತೆಗೆಸಿಕೊಂಡರು.
ಜುಲ್ಮೀರಾ ಪಕ್ಕದಲ್ಲಿ ನಿಂತೇ ಇದ್ದಳು.
ಆ ನೆರಳೂ ಅವಳನ್ನು ಕೂರಿಸಲಿಲ್ಲ,
ಅದನ್ನೂ ಹೇಳಬೇಕು.

ಆಫೀಸಿನಿಂದ ಚೀಟಿ: ಅಳಿಸು.
ಹೋದೆ. ಮಂಡಿಯೂರಿ ಒಂದು ಕಾಲು ಉಜ್ಜಿದೆ.
ಬೆಂಚು ಕುಂಟಿತು.
ತಲೆಯೆತ್ತಿದರೆ ಜುಲ್ಮೀರಾ,
ಎರಡು ಚೀಲ, ಭಾರವೆಲ್ಲ ಒಂದೇ ಕಾಲಿನ ಮೇಲೆ.
“ಬೆಕ್ಕನ್ನು ಬಿಡು” ಎಂದಳು, ಅಷ್ಟೇ.

ನೀರನ್ನು ಚರಂಡಿಗೆ ಚೆಲ್ಲಿ
ಬಕೆಟ್ಟು ಬೋರಲು ಹಾಕಿದೆ,
ನಾನೇ ಮುರಿದ ಆ ಕಾಲಿನ ಜಾಗಕ್ಕೆ.
ಕೂತಳು. ಪ್ಲಾಸ್ಟಿಕ್ಕು ಕಿರ್ರೆಂದಿತು.

ಸಂಜೆ ವರದಿಯಲ್ಲಿ ಬರೆದೆ:
ಕೆಲಸ ಬಾಕಿ.
ಬಕೆಟ್ಟು ಬಳಕೆಯಲ್ಲಿದೆ.