ತುಳಜವ್ವನ ಖಾತೆ

ಸೊಲ್ಲಾಪುರ, ಜೋಡಬಸವಣ್ಣ ಚೌಕದ ಹಿಂದೆ
ಮಗ್ಗ ನಿಂತು ಹೋದ ಒಂದು ಶೆಡ್ಡಿನ ಮಾಳಿಗೆಯಲ್ಲಿ
ನಮ್ಮ ಪತಸಂಸ್ಥೆಯ ಸರ್ವರು.
ಎರಡು ಎಸಿ, ಒಂದು ಕೆಟ್ಟದ್ದು.
ನಾನು ಅದರ ಕಾವಲಿನವಳು.

ದೀಪಾವಳಿಗೆ ಮುಂಚೆ
ಪುಣೆಯಿಂದ ಬಂದ ಕೋಟ್ನಿಸ್ ಸರ್ ಹೇಳಿದರು:
ಗೋಡೆ ಎತ್ತರಿಸುವ ಕಾಲ ಮುಗಿಯಿತು.
ಕಳ್ಳ ಈಗಾಗಲೇ ಒಳಗಿದ್ದಾನೆಂದೇ ತಿಳಿದು ಕೆಲಸ ಮಾಡಿ.
ಒಂದು ಸುಳ್ಳು ಖಾತೆ ತೆರೆಯಿರಿ,
ಯಾರಿಗೂ ಅದರ ಗರಜಿಲ್ಲ, ಯಾರೂ ಮುಟ್ಟಬೇಕಿಲ್ಲ;
ಮುಟ್ಟಿದವನೇ ಕಳ್ಳ.

ಇದು ತೀರ ಹೊಸ ವಿದ್ಯೆ, ಎಂದರು.
ನಾನು ಹೂಂ ಎಂದೆ. ಹೇಳಲಿಲ್ಲ,
ನನ್ನಜ್ಜಿ ಬೆಲ್ಲದ ಡಬ್ಬಿಗೆ
ತನ್ನ ತಲೆಯ ಒಂದು ಬಿಳಿ ಕೂದಲು ಸುತ್ತಿಡುತ್ತಿದ್ದುದನ್ನು.
"ಕೀಲಿ ಹಾಕಿದರ ಕೀಲಿ ಮುರೀತೀರಿ.
ಎಳಿ ಹರದದ್ದು ನಿಮಗ ತಿಳ್ಯಂಗಿಲ್ಲ,
ನನಗ ತಿಳೀತದ."

ಹೆಸರಿನ ಜಾಗದಲ್ಲಿ ಕೈ ತಾನೇ ಬರೆಯಿತು:
ತುಳಜವ್ವ ಮಲಕಪ್ಪ ಹತ್ತೂರೆ.
ಕಸುಬು: ಕಂಡಿಕೆ ಸುತ್ತುವುದು.
ಹುಟ್ಟಿದ್ದು ಮಾರ್ಷಲ್ ಲಾ ಎದ್ದ ಮರುವರ್ಷ;
ಯಂತ್ರ ಅದನ್ನು ಒಪ್ಪದೆ ಕೆಂಪಾಯಿತು,
ಸಾಲಿ ಮಾಸ್ತರರ ಹಾಗೆ ಜೂನ್ ಒಂದು ಎಂದು ಬರೆದೆ.
ಶಿಲ್ಲಕು: ನಲವತ್ತೊಂದು ಲಕ್ಷ.
ಮುದುಕಿ, ದೊಡ್ಡ ಮೊತ್ತ, ಕೇಳುವವರಿಲ್ಲ.
ಇಂಥದ್ದನ್ನೇ ಹುಡುಕುತ್ತಾರಂತೆ.

ಬದುಕಿದ್ದಾಗ ಒಮ್ಮೆ ಬ್ಯಾಂಕಿಗೆ ಹೋಗಿದ್ದಳು.
ಸಹಿ ಬಾರದವಳಿಗೆ ಸಾಕ್ಷಿ ಇಬ್ಬರು ಬೇಕೆಂದರು.
ಫಾರ್ಮು ಮರಾಠಿಯಲ್ಲಿತ್ತು, ಸಾಲು ಉದ್ದವಿತ್ತು.
ತಿರುಗಿ ಬಂದು ಸೆರಗಿನ ತುದಿಗೆ ಗಂಟು ಹಾಕಿದಳು,
ಆ ಮೇಲೆ ಅದೇ ಅವಳ ಬ್ಯಾಂಕು.

ನಾಲ್ಕು ತಿಂಗಳು ಯಾರೂ ಬರಲಿಲ್ಲ.
ದಿನಾ ಚಹಾಕ್ಕೆ ಮುಂಚೆ ನೋಡುತ್ತಿದ್ದೆ,
ಎಳೆ ಹರಿದಿದೆಯೇ.

ಫಾಲ್ಗುಣದ ಒಂದು ರಾತ್ರಿ, ಎರಡು ನಲವತ್ತಕ್ಕೆ,
ದಿಂಬಿನ ಕೆಳಗೆ ಫೋನು ಗುಂಯ್ಗುಟ್ಟಿತು:
ಯಾರೋ ತುಳಜವ್ವನನ್ನು ಹುಡುಕುತ್ತಿದ್ದಾರೆ.

ನಿಜ ಹೇಳುತ್ತೇನೆ, ಮೊದಲು ಬಂದದ್ದು ಭಯವಲ್ಲ.
ಇಪ್ಪತ್ತೊಂದು ವರ್ಷದಲ್ಲಿ
ಆ ಹೆಸರು ಹಿಡಿದು ಯಾರೂ ಕೇಳಿರಲಿಲ್ಲ.

ಹೊರದಬ್ಬಲಿಲ್ಲ ಅವನನ್ನು. ದಬ್ಬಬಾರದೆಂಬುದೂ ಹೊಸ ಪಾಠ.
ಕಾಣದ ಹಾಗೆ ದಾರಿ ತಿರುಗಿಸಿ
ಹುಸಿ ಕೋಣೆಯೊಂದಕ್ಕೆ ಬಿಟ್ಟೆ.
ಅಲ್ಲಿ ಲೆಡ್ಜರಿದೆ, ಮ್ಯಾನೇಜರರ ಸಹಿ ಇದೆ,
ರೂಪಾಯಿ ಕೂಡ ಇದೆ, ಒಂದೂ ಚಲಾವಣೆಯದಲ್ಲ.
ಅಜ್ಜಿಯೂ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿದವಳಲ್ಲ;
ಗೋಣಿತಟ್ಟು ಹಾಸಿ, ತಂಬಿಗೆ ನೀರು ಕೊಟ್ಟು,
"ಯಾ ಊರಪಾ?" ಎಂದು ಮಾತಿಗೆ ಹಚ್ಚಿ
ಮೂರು ತಲೆಮಾರು ತೆಗೆದುಕೊಳ್ಳುವವಳು.

ನಲವತ್ತೊಂಬತ್ತು ನಿಮಿಷ ಕೂತ.
ಯಾವ ಕಿಂಡಿಯಿಂದ ನುಸುಳಿದ
(ಅಕ್ಕಲಕೋಟ ಶಾಖೆ, ಕ್ಯಾಶಿಯರನ ಪಾಸ್‌ವರ್ಡು,
ಮಗಳ ಹೆಸರು, ಒಂದು ಎರಡು ಮೂರು),
ಯಾವ ಉಪಕರಣ ತಂದ, ಮುಂದೆ ಎಲ್ಲಿಗೆ ಹೋಗುವವನು,
ಎಲ್ಲ ಒಪ್ಪಿಸಿ,
ನಲವತ್ತೊಂದು ಲಕ್ಷದ ಗಾಳಿ ಗಂಟು ಕಟ್ಟಿಕೊಂಡು ಹೋದ.

ಬೆಳಿಗ್ಗೆ ಕೋಟ್ನಿಸ್ ಸರ್: ಶಾಬ್ಬಾಸ್.
ಆದರೆ ಆ ಹೆಸರು ಅವರಿಗೀಗ ಗೊತ್ತು.
ತಿಂದ ಎರೆ ಮತ್ತೆ ಹಾಕುವಂತಿಲ್ಲ,
ಅಳಿಸಿ, ಬೇರೆ ಇಡಿ.

ಖಾತ್ರಿಯೇ? ಎಂದಿತು ಯಂತ್ರ.
ಅವಳು ಹೋದಾಗ
ಹಾಗೆ ಯಾರೂ ನನ್ನನ್ನು ಕೇಳಿರಲಿಲ್ಲ.
ಸ್ವಲ್ಪ ಹೊತ್ತು ಕೂತೆ. ಆಮೇಲೆ ಒತ್ತಿದೆ.

ಈಗ ಹೆಸರಿನ ಜಾಗ ಖಾಲಿ, ಗೀಟು ಮಿಣುಕುತ್ತಿದೆ.
ಪಕ್ಕದ ಬೊಮ್ಮಡ್ಯಾಲರ ಶೆಡ್ಡಿನಲ್ಲಿ
ಟವೆಲ್ಲಿನ ಮಗ್ಗ ಶುರುವಾಗಿದೆ, ಮೇಜು ನಡುಗುತ್ತಿದೆ.
ಅಜ್ಜಿಯ ಎದುರು ಕೂತು ಕಂಡಿಕೆ ಸುತ್ತುತ್ತಿದ್ದ
ತೆಲುಗು ಹೆಂಗಸೊಬ್ಬಳಿದ್ದಳು,
ಎಡಗೈಗೆ ನಾಲ್ಕೇ ಬೆರಳು, ನನಗೆ ಪುಟಾಣಿ ಕೊಡುತ್ತಿದ್ದಳು.
ಏನವಳ ಹೆಸರು?
ಅವ್ವನಿಗೆ ಫೋನು ಹಚ್ಚಿದ್ದೇನೆ,
ರಿಂಗಾಗುತ್ತಿದೆ.