ಎರಡು ಅಂಕದ ಪ್ರಶ್ನೆ

ಬಾಣಾವರದ ಸರ್ಕಾರಿ ಪಿಯು ಕಾಲೇಜು, ಸ್ಟಾಫ್ ರೂಮು.
ಮೂವತ್ತನಾಲ್ಕು ಉತ್ತರಪತ್ರಿಕೆ, ದಾರ ಬಿಚ್ಚಿದರೆ
ತಲೆಗೆ ಹಚ್ಚಿದ ಎಣ್ಣೆಯ ವಾಸನೆ.

ಅಪಠಿತ ಗದ್ಯ: ಒಬ್ಬ ಅಂಬಿಗ, ಒಬ್ಬಳು ಹೆಂಗಸು, ಒಂದು ಹೊಳೆ.
ಯಾವ ದೇಶದ್ದೋ ಗೊತ್ತಿಲ್ಲ, ನನ್ನ ಹಳೇ ಫೈಲಿನದು.
ಹನ್ನೊಂದು ವರ್ಷ ಜೆರಾಕ್ಸಿನ ಜೆರಾಕ್ಸು ತೆಗೆದು ತೆಗೆದು
ಹೊಳೆಯ ತುಂಬ ಈಗ ಕಪ್ಪು ಚುಕ್ಕಿ.

ಏಳನೇ ಪ್ರಶ್ನೆ: ಅಂಬಿಗ ಕಾಸನ್ನು ಯಾಕೆ ವಾಪಸ್ಸು ಕೊಟ್ಟ?
ಉತ್ತರ ನಾನೇ ಕಲಿಸಿದ್ದು. ಇಂಥದಕ್ಕೆಲ್ಲ
'ಕೈಂಡ್ ಹಾರ್ಟೆಡ್' ಅಂತ ಬರೀರಪ್ಪಾ, ಎರಡು ಅಂಕ ಎಲ್ಲೂ ಹೋಗಲ್ಲ.
ಬರೆದಿದ್ದಾರೆ. ಸಿಂಚನಾ ಸ್ಕೇಲಿಟ್ಟು ಅಡಿಗೆರೆ ಎಳೆದು,
ಅಲ್ಮಾಸ್ ಸ್ಪೆಲಿಂಗಿನಲ್ಲಿ ಹಾರ್ಟನ್ನು ಹರ್ಟ್ ಮಾಡಿ,
ಹಿಂದಿನ ಬೆಂಚು ಇಡಿಯಾಗಿ ಒಂದೇ ಕೈಯಲ್ಲಿ.
ಕೆಂಪು ಪೆನ್ನು ಕಂಡಕ್ಟರನ ಹಾಗೆ
ಮುಖ ನೋಡದೆ ಹರಿದು ಕೊಡುತ್ತ ಹೋಯಿತು:
ಎರಡು, ಎರಡು, ಎರಡು.

ಕಟ್ಟಿನ ತಳದಲ್ಲಿ ಧರಣೇಶನ ಹಾಳೆ.
'ಬೋಟ್ ಕಮ್ ರಾಂಗ್ ಪ್ಲೇಸ್. ಲೇಡಿ ವಾಕ್ ಮಡ್.
ಹೀ ನಾಟ್ ಫಿನಿಶ್ ವರ್ಕ್. ಸೋ ನೋ ಮನಿ.'

ನಾಲ್ಕು ವಾಕ್ಯ. ಕ್ರಿಯಾಪದಗಳೆಲ್ಲ ಬರಿಗಾಲಲ್ಲಿ.
'ದಿ' ಇಲ್ಲ, 'ಎ' ಇಲ್ಲ, ಭೂತಕಾಲ ಇನ್ನೂ ಹುಟ್ಟಿಲ್ಲ.
ಸುತ್ತು ಹಾಕುವ ಮೊದಲು, ಯಾಕೋ,
ಗದ್ಯವನ್ನು ಓದಿದೆ.

ಇತ್ತು. ಐದನೇ ಸಾಲಿನ ತುದಿಗೆ, ಒಂದು ಅಲ್ಪವಿರಾಮದ ಆಚೆ.
ಸೆಳವು ದೋಣಿಯನ್ನು ಕಟ್ಟೆಗಿಂತ ಬಲು ಕೆಳಗೆ ತಳ್ಳಿತ್ತು,
ಹೆಂಗಸು ಮಂಡಿಯುದ್ದ ಕೆಸರಲ್ಲಿ ನಡೆದು ಹೋಗಿದ್ದಳು.
ಹನ್ನೊಂದು ವರ್ಷ. ಆ ಕೆಸರು ನನ್ನ ಕಾಲಿಗೆ ಹತ್ತಿರಲಿಲ್ಲ.

ಕರೆಸಿ ಕೇಳಿದೆ. ಬೈಸಿಕೊಳ್ಳಲು ಬಂದವನಂತೆ ಕೈಕಟ್ಟಿ ನಿಂತ.
ಅವರಪ್ಪ ಕರಗುಂದದಿಂದ ಅರಸೀಕೆರೆ ಮಂಡಿಗೆ
ಲಗೇಜ್ ಆಟೋದಲ್ಲಿ ಕೊಬ್ಬರಿ ಚೀಲ ಸಾಗಿಸುತ್ತಾರೆ.
'ಬಾಗ್ಲಿಗೆ ಇಳಿಸ್ದೆ ಬಾಡಿಗೆ ಹೆಂಗೆ ಇಸ್ಕಳಾದು ಸಾ?' ಎಂದ.
ಸ್ವಲ್ಪ ತಡೆದು,
'ಒಳ್ಳೇವ್ನು ಅಂತ ಅದ್ರಲ್ಲಿ ಎಲ್ಲೂ ಬರ್ದಿಲ್ವಲ್ಲ ಸಾ.'

ಭಾಷೆಗೆ ಒಂದು, ಗ್ರಹಿಕೆಗೆ ಒಂದು, ನಿಯಮ ಹೀಗಿದೆ.
ಉಳಿದ ಮೂವತ್ಮೂರು ಮಕ್ಕಳಿಗೆ ಹಾಕಿದ ಅರವತ್ತಾರು ಅಂಕ
ನನ್ನ ಮಾತಿಗೆ ನಾನೇ ಕೊಟ್ಟುಕೊಂಡದ್ದು;
ಈಗ ಹೊಡೆದುಹಾಕಲಾ? ಯಾರ ತಪ್ಪಿಗೆ ಯಾರ ಅಂಕ?
ಇತಿಹಾಸದ ಶಶಿರೇಖಾ ಮೇಡಂ ಊಟದ ಡಬ್ಬಿ ಮುಚ್ಚುತ್ತ
'ನಾಳೆ ಅಪ್‌ಲೋಡು, ತಲೆ ಕೆಡಿಸ್ಕೋಬೇಡಿ' ಎಂದರು.

ಕಿಟಕಿಯಾಚೆ ಸಂಜೆಯ ಪ್ಯಾಸೆಂಜರು
ಸಿಗ್ನಲ್ಲು ಸಿಗದೆ ಸ್ಟೇಷನ್ನಿನ ಹೊರಗೇ ನಿಂತಿದೆ.
ಜನ ಜಲ್ಲಿಗೆ ಧುಮುಕಿ, ಗಂಟು ಹೊತ್ತು, ಹಳಿಗುಂಟ ಬರುತ್ತಿದ್ದಾರೆ.
ಟಿಕೆಟ್ಟಿನ ದುಡ್ಡು ಯಾರೂ ಕೇಳುವುದಿಲ್ಲ.

ಧರಣೇಶನಿಗೆ ಎರಡು ಹಾಕಿದೆ.
ಆಮೇಲೆ 'ಹೀ'ಗೂ 'ನಾಟ್'ಗೂ ನಡುವೆ, ಮೇಲುಗಡೆ,
ಚಿಕ್ಕದಾಗಿ 'ಡಿಡ್' ಎಂದು ಬರೆದೆ,
ಪೆನ್ಸಿಲ್ಲಿನಲ್ಲಿ.